ಕಿರ್ದಿ ಯಾರ ಕೈಯಲ್ಲಿದೆ?

ಕೌಜಲಗಿ ಆಗಲಿ, ಗೋಕಾಕ ಆಗಲಿ, ಮೂಡಲಗಿ ಆಗಲಿ, ಪ್ಯಾಟಿಯೊಳಗೆ ಒಂದು ಸುತ್ತು ಹಾಕಿದರೆ ಅಂಗಡಿಗಳಲ್ಲಿ ಎರಡು ಬೋರ್ಡು ಕಾಣುತ್ತವೆ. ಒಂದು ಹಳೆಯದು: ‘ಇಂದು ನಗದು, ನಾಳೆ ಉದ್ರಿ’. ಇನ್ನೊಂದು ಹೊಸದು: ಕ್ಯೂಆರ್ ಕೋಡ್. ಹಳೆಯ ಬೋರ್ಡಿನ ಮಾತನ್ನು ಯಾರೂ ನಡೆಸುವುದಿಲ್ಲ, ಉದ್ರಿ ಕೊಡದೆ ನಮ್ಮ ಕಡೆ ಕಿರಾಣಿ ಅಂಗಡಿ ನಡೆಯುವುದೇ ಇಲ್ಲ. ಹೊಸ ಬೋರ್ಡನ್ನು ಎಲ್ಲರೂ ಬಳಸುತ್ತಾರೆ. ಆದರೆ ಅದರಲ್ಲಿ ಬಂದ ದುಡ್ಡಿನ ಲೆಕ್ಕ ಎಲ್ಲಿ ಕೂತಿದೆ, ಅದನ್ನು ಯಾರ್ಯಾರು ಓದಬಹುದು ಅಂತ ಕೇಳಿದರೆ, ‘ಫೋನಿನ್ಯಾಗ ಐತಲ್ರೀ’ ಅಂತಾರೆ.

ನಾನು ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರ್ ಕೆಲಸ. ಊರಿಗೆ ಹೋದಾಗಲೆಲ್ಲ ಅಂಗಡಿಕಾರರು ಕೇಳುವ ಮೊದಲ ಪ್ರಶ್ನೆ, ‘ತಮ್ಮಾ, ಲೆಕ್ಕಕ್ಕ ಯಾವ ಆಪ್ ಛಲೋ?’ ಅಂತ. ಆಪ್ ಯಾವುದಾದರೂ ನಡೆಯುತ್ತದೆ. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದದ್ದು ಒಂದಿದೆ: ನಮ್ಮ ವ್ಯಾಪಾರದ ಕಿರ್ದಿ ಯಾರ ಕೈಯಲ್ಲಿದೆ? ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಪ್ರಶ್ನೆ ಅಲ್ಲ. ಸುಮಾರು 150 ವರ್ಷದ ಹಿಂದೆ ಇದೇ ಪ್ರಶ್ನೆಗೆ ಊರೂರಲ್ಲಿ ಲೆಕ್ಕದ ಕಾಗದಗಳು ಬೆಂಕಿಗೆ ಬಿದ್ದಿದ್ದವು. ಆ ಕಥೆ ಗೊತ್ತಿದ್ದರೆ ಇವತ್ತಿನ ಕ್ಯೂಆರ್ ಕೋಡಿನ ವ್ಯವಹಾರ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಮೊದಲು ಕಿರ್ದಿ ಅಂದರೆ ಏನು ಅಂತ ನೋಡೋಣ. ಹೊಸ ಹುಡುಗರಿಗೆ ಈ ಶಬ್ದವೇ ಮರೆತುಹೋಗುತ್ತಿದೆ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ, ದೀಪಾವಳಿಯಲ್ಲಿ ಲಕ್ಷ್ಮೀಪೂಜೆಗೆ ಇಟ್ಟು ಅರಿಶಿಣ ಕುಂಕುಮ ಹಚ್ಚುವ ಪುಸ್ತಕ. ದಿನದ ಜಮಾ ಎಷ್ಟು, ಖರ್ಚು ಎಷ್ಟು, ನಡೆದ ಕ್ರಮದಲ್ಲೇ ಬರೆದಿಡುವುದು ಕಿರ್ದಿ. ಅದರಿಂದ ಎತ್ತಿ, ಒಬ್ಬೊಬ್ಬ ಗಿರಾಕಿಯ ಹೆಸರಿನ ಹಾಳೆಗೆ ಹಚ್ಚುವುದು ಖತಾವಣಿ. ಕಿರ್ದಿಯಲ್ಲಿ ಬರೆದದ್ದನ್ನು ಅಳಿಸಬಾರದು, ತಪ್ಪಾಗಿದ್ದರೆ ಗೆರೆ ಹೊಡೆದು ಹೊಸದಾಗಿ ಬರೆಯಬೇಕು. ಈಗಿನ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ನಾವು ‘ಲಾಗ್’ ಅಂತ ಇಡುವುದೂ ಇದೇ. ಆದದ್ದು ಆದ ಹಾಗೆ ಒಂದರ ಕೆಳಗೊಂದು ಬರೆಯುತ್ತಾ ಹೋಗುವುದು, ಹಿಂದಿನದನ್ನು ಮುಟ್ಟದಿರುವುದು. ನಮ್ಮ ಊರಿನ ಶೆಟ್ಟರು, ಸಾವುಕಾರರು ಇದನ್ನು ಕಾಲೇಜಿಗೆ ಹೋಗದೇ ಕಲಿತಿದ್ದರು.

ತೊಂದರೆ ಇದ್ದದ್ದು ಪುಸ್ತಕದಲ್ಲಿ ಅಲ್ಲ. ಪುಸ್ತಕ ಒಂದೇ ಇತ್ತು, ಅದು ಸಾವುಕಾರನ ಗಾದಿಯ ಮೇಲಿತ್ತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಸೀಮೆಯಲ್ಲಿ ಹಳೆಯ ಕಾಗದಪತ್ರ ಬಹಳಷ್ಟು ಮೋಡಿ ಲಿಪಿಯಲ್ಲಿ ಇರುತ್ತಿದ್ದವು. ಒಕ್ಕಲುತನದ ಮನೆಗಳಲ್ಲಿ ಅಕ್ಷರ ಬಲ್ಲವರೇ ಕಡಿಮೆ, ಇನ್ನು ಮೋಡಿ ಓದುವವರು ಎಲ್ಲಿ? ಸಾಲ ತಂದವನಿಗೆ ತನ್ನ ಸಾಲ ಎಷ್ಟು ಅಂತ ತಿಳಿಯಬೇಕಾದರೆ ಸಾಲ ಕೊಟ್ಟವನನ್ನೇ ಕೇಳಬೇಕು. ಅವನು ಹೇಳಿದ್ದೇ ಲೆಕ್ಕ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಮುಂಬೈ ಪ್ರಾಂತ್ಯದ ಹತ್ತಿ ಬೇಕಾಯಿತು, ಹತ್ತಿಯ ದರ ಏರಿತು. ಸಾವುಕಾರರು ಕೇಳಿದವರಿಗೆಲ್ಲ ಸಾಲ ಕೊಟ್ಟರು. ಯುದ್ಧ ಮುಗಿದದ್ದೇ ತಡ, ದರ ಬಿತ್ತು. ಅದೇ ಹೊತ್ತಿಗೆ ಪುಣೆ ಕಡೆಯ ತಾಲೂಕುಗಳಲ್ಲಿ ಸರ್ಕಾರ ಕಂದಾಯವನ್ನೂ ಏರಿಸಿತು. ರೈತನ ಕೈಯಲ್ಲಿ ದುಡ್ಡಿಲ್ಲ, ಸಾವುಕಾರ ಹೊಸ ಸಾಲ ಕೊಡಲು ಒಲ್ಲೆ ಅಂದ.

ಇಲ್ಲಿ ಒಂದು ಕಾನೂನಿನ ಆಟವೂ ಇತ್ತು. 1859ರ ಕಾಲಮಿತಿ ಕಾಯ್ದೆಯ ಪ್ರಕಾರ ಸಾಲಪತ್ರಕ್ಕೆ ಮೂರು ವರ್ಷ ಆಯುಷ್ಯ. ಬಡ್ಡಿ ಬೆಳೆಯುತ್ತಾ ಹೋಗದಿರಲಿ ಅಂತ ಮಾಡಿದ ಕಾಯ್ದೆ ಇದು. ಸಾವುಕಾರರು ಇದನ್ನೇ ತಿರುಗಿಸಿದರು. ಮೂರು ವರ್ಷ ಆಗುತ್ತಿದ್ದ ಹಾಗೆ ಅಸಲಿಗೆ ಬಡ್ಡಿ ಕೂಡಿಸಿ, ಅಷ್ಟಕ್ಕೂ ಹೊಸ ಪತ್ರ ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಒಂದು ಉದಾಹರಣೆ ಲೆಕ್ಕ ಹಾಕಿ ನೋಡಿ. 100 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ. ಮೂರು ವರ್ಷಕ್ಕೆ 72 ರೂಪಾಯಿ ಬಡ್ಡಿ, ಹೊಸ ಪತ್ರ 172ಕ್ಕೆ. ಆರು ವರ್ಷಕ್ಕೆ ಅದು 296, ಒಂಬತ್ತು ವರ್ಷಕ್ಕೆ 509 ರೂಪಾಯಿ. ಪತ್ರ ಬದಲಿಸದೇ ಸುಮ್ಮನೆ ಬಡ್ಡಿ ಎಣಿಸಿದ್ದರೆ ಒಂಬತ್ತು ವರ್ಷಕ್ಕೆ 316 ಆಗುತ್ತಿತ್ತು. ನಡುವಿನ 193 ರೂಪಾಯಿ ಹುಟ್ಟಿದ್ದು ಬರೀ ಪತ್ರ ಬದಲಿಸಿದ್ದರಿಂದ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಎಂಬ ಸಂತೆಯ ಊರಿನಲ್ಲಿ ಸುತ್ತಲಿನ ರೈತರು ಸೇರಿದರು. ಸಾವುಕಾರರ ಮನೆ ಅಂಗಡಿಗಳಿಗೆ ನುಗ್ಗಿ ಅವರು ಮೊದಲು ಕೇಳಿದ್ದು ಲೆಕ್ಕದ ಪುಸ್ತಕ ಮತ್ತು ಸಾಲಪತ್ರಗಳನ್ನು. ಅವನ್ನು ಬೀದಿಗೆ ತಂದು ಸುಟ್ಟರು. ಗಲಾಟೆ ಅಹ್ಮದ್‌ನಗರದ ಕಡೆಗೂ ಹಬ್ಬಿತು. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ದಖ್ಖನ್ ದಂಗೆ ಅಂತ ಹೆಸರು. ಎಷ್ಟೋ ಕಡೆ ಕಾಗದ ಒಪ್ಪಿಸಿದ ಸಾವುಕಾರನ ಮೈಮೇಲೆ ಕೈ ಮಾಡಲಿಲ್ಲ. ಅವರ ಸಿಟ್ಟು ಯಾವುದರ ಮೇಲೆ ಇತ್ತು ಅನ್ನೋದು ಇದರಿಂದಲೇ ಗೊತ್ತಾಗುತ್ತದೆ.

ಸರ್ಕಾರ ವಿಚಾರಣೆಗೆ ಆಯೋಗ ನೇಮಿಸಿತು. ಅದರ ಬೆನ್ನಿಗೆ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದ್‌ನಗರ ಈ ನಾಲ್ಕು ಜಿಲ್ಲೆಗಳಿಗೆ. ಆ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದು ಮೂರು ಸಣ್ಣ ಮಾತುಗಳು. ದುಡ್ಡು ಕಟ್ಟಿದ ರೈತನಿಗೆ ಬರೆದ ಪಾವತಿ ಕೊಡಬೇಕು. ಕೇಳಿದರೆ ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ ಕೊಡಬೇಕು. ಬೇಕೆಂದರೆ ಪಾಸ್‌ಬುಕ್ಕಿನಲ್ಲಿ ಲೆಕ್ಕ ಬರೆದು ಕೊಡಬೇಕು. ಇಷ್ಟೇ. ಇವತ್ತು ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಲು ಸಾಲಿನಲ್ಲಿ ನಿಂತು ಬೇಸರ ಮಾಡಿಕೊಳ್ಳುತ್ತೇವಲ್ಲ, ಆ ಎರಡನೇ ಪ್ರತಿ ರೈತನ ಕೈಗೆ ಬರುವುದಕ್ಕೆ ಇಷ್ಟೆಲ್ಲ ಆಗಬೇಕಾಯಿತು.

ಪಾಸ್‌ಬುಕ್ ಕೈಗೆ ಬಂದರೂ ಓದಲು ಬರಬೇಕಲ್ಲ? ಬೆಳಗಾವಿ ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರಂಥವರ ಕೆಲಸವನ್ನು ನಾವು ಭಾಷೆಯ ಅಭಿಮಾನದ ಲೆಕ್ಕದಲ್ಲಿ ಮಾತ್ರ ನೆನೆಯುತ್ತೇವೆ. ಆದರೆ ತನ್ನ ಭಾಷೆಯಲ್ಲಿ ನಾಲ್ಕು ಅಕ್ಷರ ಓದಬಲ್ಲವನು ತನ್ನ ಸಾಲದ ಲೆಕ್ಕವನ್ನೂ ಓದಬಲ್ಲ. ಅದು ದುಡ್ಡಿನ ವಿಷಯವೂ ಹೌದು.

ಮುಂದಿನ ಹೆಜ್ಜೆ ಇಟ್ಟದ್ದು ನಮ್ಮವರೇ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘ ಅಂತ ಹೆಸರಾದದ್ದು ಇದೇ. ಜರ್ಮನಿಯಲ್ಲಿ ರೈಫೈಸನ್ ಎಂಬಾತ ಹಳ್ಳಿಗರನ್ನು ಸೇರಿಸಿ ನಡೆಸಿದ್ದ ಸಾಲದ ಸಂಘಗಳ ಮಾದರಿ ಈ ಕಾಯ್ದೆಯ ಹಿಂದಿತ್ತು. ಹಳ್ಳಿಯ ಸಂಘಕ್ಕೆ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಅಂದರೆ ಒಬ್ಬ ಸಾಲ ಮುಳುಗಿಸಿದರೆ ಎಲ್ಲರೂ ತುಂಬಬೇಕು. ಕೇಳಲು ಭಯ ಆಗುತ್ತದೆ, ಆದರೆ ಅದರ ಫಲ ನೋಡಿ: ಎಲ್ಲರಿಗೂ ಎಲ್ಲರ ಲೆಕ್ಕದ ಮೇಲೆ ಕಣ್ಣು. ಜೊತೆಗೆ ವರ್ಷಕ್ಕೆ ಒಮ್ಮೆಯಾದರೂ ಸಂಘದ ಲೆಕ್ಕ ತಪಾಸಣೆ ಆಗಲೇಬೇಕು ಅಂತ ಕಾಯ್ದೆಯಲ್ಲೇ ಇತ್ತು. ಸಾವುಕಾರನ ಗಾದಿಯ ಮೇಲಿದ್ದ ಕಿರ್ದಿ ಊರ ನಡುವೆ ಬಂತು.

ಆಮೇಲೆ ಬಂದದ್ದು ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆ ಬಾಗಿಲಿಗೇ ಬಂದು ಪಡೆಯುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಜನರ ಹತ್ತಿರ ಬ್ಯಾಂಕೇ ನಡೆದು ಬಂದ ಹಾಗೆ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಪಿಗ್ಮಿ ನಮ್ಮ ಕಡೆ ಗಟ್ಟಿಯಾಗಿ ನಿಂತಿದೆ. ಸಂಜೆ ಆಯಿತೆಂದರೆ ಚಹಾದಂಗಡಿ, ಕಟಿಂಗ್ ಅಂಗಡಿ, ಪಂಚರ್ ಅಂಗಡಿ ಅಂತ ಪಿಗ್ಮಿಯವರು ಸುತ್ತುತ್ತಾರೆ. ಹನಿ ಹನಿ ಕೂಡಿದರೆ ಹಳ್ಳ. ಮಗಳ ಮದುವೆ, ಮಗನ ಫೀಜು, ಹೊಸ ಫ್ರಿಜ್ಜು ಎಷ್ಟೋ ಸಲ ಈ ದುಡ್ಡಿನಿಂದಲೇ ಆಗುವುದು.

ಪಿಗ್ಮಿ ಕಟ್ಟುವವರಿಗೆ ಇಲ್ಲೇ ಒಂದು ಮಾತು. ಏಜೆಂಟರು ದುಡ್ಡು ಇಸಕೊಂಡ ಕೂಡಲೇ ಕಾರ್ಡಿನಲ್ಲಿ ಬರೆಸಿ, ಇಲ್ಲವೇ ಮಶೀನಿನ ಚೀಟಿ ತಗೊಳ್ಳಿ, ಮತ್ತು ತಿಂಗಳಿಗೊಮ್ಮೆ ಆಫೀಸಿಗೇ ಹೋಗಿ ಅಲ್ಲಿಯ ಲೆಕ್ಕಕ್ಕೂ ನಿಮ್ಮ ಕಾರ್ಡಿಗೂ ತಾಳೆ ನೋಡಿ. ಇನ್ನೊಂದು, ದುಡ್ಡು ಇಡುವ ಜಾಗ ಬ್ಯಾಂಕೋ, ಪತ್ತಿನ ಸಂಘವೋ ಅಂತ ಕೇಳಿಕೊಳ್ಳಿ. ಬ್ಯಾಂಕು ಆದರೆ, ಸಹಕಾರಿ ಬ್ಯಾಂಕೇ ಆಗಲಿ, ಅದು ಠೇವಣಿ ವಿಮೆಗೆ ಸೇರಿದ್ದರೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಲ್ಲಿ ಇಟ್ಟ ದುಡ್ಡಿಗೆ ಆ ವಿಮೆ ಇಲ್ಲ. ಸಂಘದಲ್ಲಿ ಇಡಬೇಡಿ ಅಂತ ನಾನು ಹೇಳುತ್ತಿಲ್ಲ. ಇಡುವುದಾದರೆ ಸದಸ್ಯರಾಗಿ ವಾರ್ಷಿಕ ಸಭೆಗೆ ಹೋಗಿ, ಲೆಕ್ಕ ತಪಾಸಣೆಯ ವರದಿ ಓದಿ. ಕಣಗಿನಹಾಳದವರು ನಂಬಿದ್ದು ಹೆಸರನ್ನಷ್ಟೇ ಅಲ್ಲ, ಪುಸ್ತಕವನ್ನೂ ನೋಡುತ್ತಿದ್ದರು. ಪುಸ್ತಕ ನೋಡುವುದನ್ನು ಬಿಟ್ಟ ದಿನ ಸಂಘವೂ ಸಾವುಕಾರನ ಗಾದಿಯ ಹಾಗೇ ಆಗುತ್ತದೆ.

ಈಗ ಆ ಕಪ್ಪು ಚೌಕಗಳ ಬೋರ್ಡಿಗೆ ಬರೋಣ. ಕ್ಯೂಆರ್ ಕೋಡ್ ಹುಟ್ಟಿದ್ದು ದುಡ್ಡಿಗಾಗಿ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯ ಮಸಾಹಿರೋ ಹಾರಾ ಮತ್ತು ಅವರ ತಂಡ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ಮಾಡಿದರು. ಕಂಪನಿ ಇದನ್ನು ಎಲ್ಲರೂ ಬಳಸಲು ಬಿಟ್ಟುಕೊಟ್ಟಿತು. ಭಾರತದ ರಾಷ್ಟ್ರೀಯ ಪಾವತಿ ನಿಗಮ 2016ರ ಏಪ್ರಿಲ್ 11ರಂದು ಯುಪಿಐ ವ್ಯವಸ್ಥೆಯನ್ನು 21 ಬ್ಯಾಂಕುಗಳೊಂದಿಗೆ ಆರಂಭಿಸಿತು. ಅದೇ ವರ್ಷ ನವೆಂಬರ್ 8ರಂದು 500 ಮತ್ತು 1,000 ರೂಪಾಯಿ ನೋಟು ರದ್ದಾದವು, ಡಿಸೆಂಬರ್ 30ಕ್ಕೆ ಭೀಮ್ ಆಪ್ ಬಂತು. 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರು ಕಮಿಷನ್ ಕೊಡಬೇಕಿಲ್ಲ ಅಂತ ಆಯಿತು. ಅದೇ ವರ್ಷ ಕೊರೋನಾ ಬಂದು ನೋಟು ಮುಟ್ಟಲು ಜನ ಹಿಂಜರಿದರು. ಸಂತೆಯಲ್ಲಿ ಕೊತ್ತಂಬರಿ ಮಾರುವ ಅವ್ವನ ಬುಟ್ಟಿಗೂ ಕ್ಯೂಆರ್ ಬಂತು.

ಇದರ ಒಳಗೆ ನಡೆಯುವುದು ಇಷ್ಟು. ಬೋರ್ಡಿನ ಚೌಕಗಳಲ್ಲಿ ಇರುವುದು ನಿಮ್ಮ ಹೆಸರು ಮತ್ತು ನಿಮ್ಮ ಪಾವತಿಯ ವಿಳಾಸ. ಗಿರಾಕಿ ಅದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕುತ್ತಾನೆ. ಆ ಕೋರಿಕೆ ಪಾವತಿ ನಿಗಮದ ವ್ಯವಸ್ಥೆಗೆ ಹೋಗಿ, ಅಲ್ಲಿಂದ ಗಿರಾಕಿಯ ಬ್ಯಾಂಕಿಗೆ ಹೋಗುತ್ತದೆ. ಅವನ ಬ್ಯಾಂಕು ಖರ್ಚು ಬರೆಯುತ್ತದೆ, ನಿಮ್ಮ ಬ್ಯಾಂಕು ಜಮಾ ಬರೆಯುತ್ತದೆ, ನಡುವಿನವರೂ ಬರೆದುಕೊಳ್ಳುತ್ತಾರೆ, ಆಪ್‌ನವರೂ ಬರೆದುಕೊಳ್ಳುತ್ತಾರೆ. ಹತ್ತು ರೂಪಾಯಿಯ ಚಹಾಕ್ಕೆ ನಾಲ್ಕು ಕಡೆ ಕಿರ್ದಿ. ಬರೆಯದೇ ಉಳಿದವರು ಒಬ್ಬರೇ, ಚಹಾದಂಗಡಿಯವರು. ‘ಎಲ್ಲಾ ಫೋನಿನ್ಯಾಗ ಐತಲ್ಲ, ಯಾಕ ಬರೀಬೇಕು?’ ಅಂತ ದೀಪಾವಳಿಗೆ ತರುವ ಹೊಸ ಪುಸ್ತಕ ಪೂಜೆ ಆದ ಮೇಲೆ ಹಾಗೇ ಖಾಲಿ ಉಳಿಯುತ್ತದೆ.

ಅದರ ಬೆಲೆ ಏನು ಅನ್ನೋದು 2025ರ ಜುಲೈನಲ್ಲಿ ಗೊತ್ತಾಯಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳನ್ನು ನೋಡಿ, ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೇಕರಿಯವರು, ಬೀಡಾ ಅಂಗಡಿಯವರು, ತರಕಾರಿ ಮಾರುವವರು, ಎಲ್ಲರಿಗೂ ಬಂತು. ಬೆಂಗಳೂರಿನಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಅಂತ ಚೀಟಿ ಅಂಟಿಸಿದರು. ಹಾಲು, ಸಿಗರೇಟು ಮಾರಾಟ ನಿಲ್ಲಿಸುತ್ತೇವೆ, ಬಂದ್ ಮಾಡುತ್ತೇವೆ ಅಂದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಅಂತ ಹೇಳಿದ ಮೇಲೆ ಗದ್ದಲ ತಣ್ಣಗಾಯಿತು.

ಕ್ಯೂಆರ್ ಬೋರ್ಡು ಕಿತ್ತು ಒಗೆದದ್ದು ನೋಡಿದಾಗ ನನಗೆ ಸುಪಾದ ಬೆಂಕಿಯೇ ನೆನಪಾಯಿತು. ಆದರೆ ಒಂದು ವ್ಯತ್ಯಾಸ ಇದೆ. ಸುಪಾದಲ್ಲಿ ಪುಸ್ತಕ ಸುಟ್ಟರೆ ಲೆಕ್ಕ ಹೋಗುತ್ತಿತ್ತು. ಇವತ್ತು ಬೋರ್ಡು ಕಿತ್ತರೆ ನಿನ್ನೆಯವರೆಗಿನ ಲೆಕ್ಕ ಬೇರೆಯವರ ಹತ್ತಿರ ಹಾಗೇ ಇರುತ್ತದೆ. ಇರಲಿ, ಆ ಲೆಕ್ಕ ಸುಳ್ಳೇನಲ್ಲ, ಅರ್ಧ ಮಾತ್ರ. ಬ್ಯಾಂಕಿನ ಸಾಲಿನಲ್ಲಿ ‘500 ಜಮಾ’ ಅಂತ ಇರುತ್ತದೆ. ಅದು ಸಕ್ಕರೆ ಮಾರಿದ್ದೋ, ತಂಗಿ ಕಳಿಸಿದ್ದೋ, ಗೆಳೆಯ ಕೈಗಡ ತೀರಿಸಿದ್ದೋ, ಪಕ್ಕದ ಅಂಗಡಿಯವರು ಚಿಲ್ಲರೆ ಇಲ್ಲ ಅಂತ ನಿಮ್ಮ ಕೋಡಿಗೆ ಹಾಕಿಸಿದ್ದೋ, ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ಹೇಳಬೇಕಾದವರು ನೀವು. ಹೇಳಲು ನಿಮ್ಮ ಹತ್ತಿರ ಒಂದು ಕಿರ್ದಿ ಬೇಕು.

ಹಾಗಾದರೆ ಮಾಡಬೇಕಾದದ್ದು ಏನು? ನಾನು ಊರಲ್ಲಿ ಕೇಳಿದವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

ಅಂಗಡಿಗೇ ಬೇರೆ ಖಾತೆ, ಅಂಗಡಿಗೇ ಬೇರೆ ಕ್ಯೂಆರ್ ಇರಲಿ. ಮನೆಯ ದುಡ್ಡು, ನೆಂಟರ ದುಡ್ಡು ಅದಕ್ಕೆ ಬರಬಾರದು. ಅಂಗಡಿಯಿಂದ ಮನೆಗೆ ದುಡ್ಡು ಬೇಕಾದರೆ ವಾರಕ್ಕೊಮ್ಮೆ ಇಷ್ಟು ಅಂತ ನಿಮ್ಮದೇ ಇನ್ನೊಂದು ಖಾತೆಗೆ ಹಾಕಿಕೊಳ್ಳಿ. ಇದೊಂದನ್ನು ಮಾಡಿದರೆ ಅರ್ಧ ತಲೆನೋವು ಇಳಿಯುತ್ತದೆ.

ರಾತ್ರಿ ಅಂಗಡಿ ಮುಚ್ಚುವ ಮುಂಚೆ ನಾಲ್ಕು ಸಾಲು ಬರೆಯಿರಿ: ನಗದು ಮಾರಾಟ, ಯುಪಿಐ ಮಾರಾಟ, ಕೊಟ್ಟ ಉದ್ರಿ, ಬಂದ ಉದ್ರಿ. ನೋಟ್‌ಬುಕ್ಕಾದರೂ ಸರಿ, ಆಪ್ ಆದರೂ ಸರಿ. ಆಪ್ ಆದರೆ ತಿಂಗಳಿಗೊಮ್ಮೆ ಲೆಕ್ಕವನ್ನು ಪಿಡಿಎಫ್ ಅಥವಾ ಎಕ್ಸೆಲ್ ಆಗಿ ಇಳಿಸಿ ನಿಮ್ಮ ಇಮೇಲಿಗೆ ಕಳಿಸಿಕೊಳ್ಳಿ. ಹಾಗೆ ಇಳಿಸಲು ಬಿಡದ ಆಪ್ ಬೇಡ, ಅದು ಎಷ್ಟೇ ಚೆಂದ ಇರಲಿ. ಕಂಪನಿ ನಾಳೆ ಮುಚ್ಚಬಹುದು, ಫೋನು ಕೆಟ್ಟುಹೋಗಬಹುದು.

ಉದ್ರಿ ಕೊಟ್ಟಾಗ ಗಿರಾಕಿಗೂ ಒಂದು ಪ್ರತಿ ಹೋಗಲಿ. ವಾಟ್ಸಾಪಿನಲ್ಲಿ ‘ಅಕ್ಕಾರ, ಇವತ್ತ 240, ಒಟ್ಟು ಬಾಕಿ 1,110’ ಅಂತ ಒಂದು ಸಾಲು ಸಾಕು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಅನ್ನುವ ಜಗಳ ಅರ್ಧಕ್ಕರ್ಧ ಕಡಿಮೆ ಆಗುತ್ತದೆ. 1879ರ ಕಾಯ್ದೆ ಸಾವುಕಾರನಿಗೆ ಹೇಳಿದ್ದನ್ನು ನಾವು ಕಾಯ್ದೆ ಇಲ್ಲದೆಯೇ ಮಾಡಬಹುದು.

ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ಗಿರಾಕಿಯ ಪುಸ್ತಕ. ದುಡ್ಡು ಬಂತೋ ಇಲ್ಲವೋ ಅಂತ ನಿಮ್ಮ ಫೋನು, ನಿಮ್ಮ ಸೌಂಡ್‌ಬಾಕ್ಸು, ನಿಮ್ಮ ಖಾತೆ ನೋಡಿ ಹೇಳಿ. ಬೆಳಗ್ಗೆ ಅಂಗಡಿ ತೆರೆದಾಗ ಕ್ಯೂಆರ್ ಮೇಲೆ ಯಾರಾದರೂ ಬೇರೆ ಚೀಟಿ ಅಂಟಿಸಿದ್ದಾರೋ ಅಂತ ಒಮ್ಮೆ ನೋಡಿ. ದುಡ್ಡು ಬರುವುದಕ್ಕೆ ನೀವು ಪಿನ್ ಹಾಕುವ ಅಗತ್ಯ ಯಾವತ್ತೂ ಇಲ್ಲ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಮೋಸ ಆಯಿತು ಅನ್ನಿಸಿದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನು ಜಿಎಸ್‌ಟಿ. ವಸ್ತು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಬೇಕು. 40 ಲಕ್ಷ ಅಂದರೆ ದಿನಕ್ಕೆ ಸುಮಾರು 11,000 ರೂಪಾಯಿ ವ್ಯಾಪಾರ. ಇದು ಲಾಭದ ಲೆಕ್ಕ ಅಲ್ಲ ಅನ್ನೋದನ್ನು ನೆನಪಿಡಿ. ನೂರಕ್ಕೆ ಐದು ರೂಪಾಯಿ ಉಳಿಯುವ ಅಂಗಡಿಯಲ್ಲಿ 40 ಲಕ್ಷ ವ್ಯಾಪಾರ ಆದರೆ ಕೈಗೆ ಬರುವುದು ವರ್ಷಕ್ಕೆ 2 ಲಕ್ಷ. ತಾಜಾ ತರಕಾರಿಯಂಥ ತೆರಿಗೆ ಇಲ್ಲದ ವಸ್ತುಗಳನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಮಿತಿ ದಾಟಿದ ಸಣ್ಣ ವ್ಯಾಪಾರಿಗಳಿಗೆ ರಾಜಿ ತೆರಿಗೆ ಪದ್ಧತಿ ಇದೆ. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟು ಇರುವ ಅಂಗಡಿಯವರು ಶೇ. 1ರಷ್ಟು ಕಟ್ಟಿದರೆ ಆಯಿತು, ಆದರೆ ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಈ ಪದ್ಧತಿಯಲ್ಲಿ ಬೇರೆ ರಾಜ್ಯಕ್ಕೆ ಮಾಲು ಕಳಿಸುವಂತೆಯೂ ಇಲ್ಲ. ಗೋಕಾಕದ ಕರದಂಟನ್ನು ಕೊಲ್ಲಾಪುರದ ಅಂಗಡಿಗೆ ಕಳಿಸುವವರು ಇದನ್ನು ಮೊದಲೇ ಲೆಕ್ಕ ತಪಾಸಿಗರ ಹತ್ತಿರ ಕೇಳಿಕೊಂಡರೆ ಒಳ್ಳೆಯದು.

ಬರೆದಿಟ್ಟ ಲೆಕ್ಕ ತೆರಿಗೆಯವರಿಗೆ ತೋರಿಸಲು ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ನಾಳೆ ಅಂಗಡಿ ದೊಡ್ಡದು ಮಾಡಲು ಬ್ಯಾಂಕಿಗೆ ಸಾಲಕ್ಕೆ ಹೋದರೆ ಮ್ಯಾನೇಜರು ಕೇಳುವುದೂ ಅದನ್ನೇ. ಎರಡು ವರ್ಷದ ಶುದ್ಧ ಲೆಕ್ಕ ಇದ್ದವರು ಕೈಬಡ್ಡಿಯವರ ಬಾಗಿಲಿಗೆ ಹೋಗುವುದು ತಪ್ಪಬಹುದು. ಕಣಗಿನಹಾಳದ ಗೌಡರು ಸಂಘ ಕಟ್ಟಿದ್ದೂ ಆ ಬಾಗಿಲು ತಪ್ಪಿಸಲಿಕ್ಕೇ.

ಈ ಸಲದ ದೀಪಾವಳಿಗೆ ಪುಸ್ತಕ ತಂದು ಪೂಜೆ ಮಾಡುತ್ತೀರಿ, ಮಾಡಿ. ಮರುದಿನ ಬೆಳಗ್ಗೆ ಅದರ ಮೊದಲ ಪುಟದಲ್ಲಿ ಶ್ರೀಕಾರ ಹಾಕಿ, ಕೆಳಗೆ ತಾರೀಖು ಬರೆದು, ಅವತ್ತಿನ ಮೊದಲ ಬೋಣಿ ಎಷ್ಟು, ನಗದೋ ಯುಪಿಐಯೋ ಅಂತ ಬರೆಯಿರಿ.